ಮೆಣಸಿನ ಬುಡದ ಮಣ್ಣು: ನಾಪೋಕ್ಲು ಬಳಿಯ ಒಂದು ಗಿಡದ ಅಕ್ವೇರಿಯಂನ ಪ್ರಕರಣ

ನಾಪೋಕ್ಲು ಸಮೀಪದ ಕಾಫಿ ತೋಟದ ಮನೆಯೊಂದರಲ್ಲಿ 2024ರ ಜನವರಿಯಲ್ಲಿ ಕೂಡಿಸಿದ ಗಿಡದ ಅಕ್ವೇರಿಯಂ ಮೊದಲ ಹನ್ನೆರಡು ದಿನಗಳಲ್ಲಿ ಹೇಗೆ ಕೆಟ್ಟಿತು, ಕೆಟ್ಟ ಕಾರಣವನ್ನು ಹೇಗೆ ಹುಡುಕಿದೆವು, ಮರಳಿ ಕಟ್ಟಿದ ತೊಟ್ಟಿ ಕೊಡಗಿನ ಒಂದು ಪೂರ್ಣ ಮಳೆಗಾಲವನ್ನು ಹೇಗೆ ದಾಟಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ಮನೆ ನನ್ನ ಅಕ್ಕನದು. ತೊಟ್ಟಿಯ ಆಸೆ ಮಡಿಕೇರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಅವಳ ಮಗಳದು. ಕೈಯಲ್ಲಿದ್ದ ಹಣ 6,000 ರೂಪಾಯಿ. ಕಾಫಿ ಕೊಯ್ಲಿನ ದಿನಗಳಲ್ಲಿ ತೂಕದ ಲೆಕ್ಕ ಬರೆದುಕೊಟ್ಟದ್ದಕ್ಕೆ ಅಪ್ಪನಿಂದ ಪಡೆದದ್ದು. ಸಲಹೆಗಾರ ನಾನು. ಮೈಸೂರಿನಲ್ಲಿ ಹಲವು ವರ್ಷಗಳಿಂದ ತೊಟ್ಟಿಗಳನ್ನು ಇಟ್ಟುಕೊಂಡು ಬಂದಿರುವುದರಿಂದ ನನಗೆ ವಿಷಯ ತಿಳಿದಿದೆ ಎಂಬ ನಂಬಿಕೆ ಅವರಿಗೂ ಇತ್ತು, ನನಗೂ ಇತ್ತು. ಆದರೆ ನನ್ನ ಅನುಭವವೆಲ್ಲ ಮೈಸೂರಿನ ನನ್ನ ಮನೆಯ ಕೊಳವೆಬಾವಿಯ ಗಡಸು ನೀರಿನದು. ಮುಂದೆ ನಡೆದ ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟಿದ್ದು ಅಲ್ಲಿಂದಲೇ ಆದ್ದರಿಂದ ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಕೊಂಡದ್ದು ಮತ್ತು ಕೊಳ್ಳದೆ ಉಳಿಸಿದ್ದು

ತೊಟ್ಟಿ 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರದ್ದು. ಒಟ್ಟು 70 ಲೀಟರ್ ಹಿಡಿಯುತ್ತದೆಯಾದರೂ ತಳದ ಮಣ್ಣು, ಮರಳು ಮತ್ತು ಮೇಲಿನ ಒಂದು ಇಂಚಿನ ಖಾಲಿ ಜಾಗವನ್ನು ಕಳೆದರೆ ಉಳಿಯುವ ನೀರು 55 ಲೀಟರ್. ಮದ್ದು, ಗೊಬ್ಬರ, ಸೋಡಾ ಯಾವುದರ ಲೆಕ್ಕವನ್ನೂ 70ಕ್ಕೆ ಹಾಕದೆ 55ಕ್ಕೇ ಹಾಕಬೇಕು. ಕುಶಾಲನಗರದಲ್ಲಿ ಅಂಟಿಸಿ ಕೊಟ್ಟ ಈ ಗಾಜಿನ ತೊಟ್ಟಿಗೆ 1,800 ರೂಪಾಯಿ ಆಯಿತು. ಸ್ಟ್ಯಾಂಡ್ ಕೊಳ್ಳಲಿಲ್ಲ, ತುಂಬಿದ ತೊಟ್ಟಿ ಸುಮಾರು 90 ಕಿಲೋ ತೂಗುತ್ತದೆಂದು ಲೆಕ್ಕ ಹಾಕಿ, ಅಟ್ಟದಲ್ಲಿದ್ದ ಹಲಸಿನ ಹಲಗೆಗಳಿಂದ ಭಾವ ಒಂದು ಗಟ್ಟಿ ಮೇಜನ್ನೇ ಹೊಡೆದುಕೊಟ್ಟರು. ಮಟ್ಟ ನೋಡಿ, ಗಾಜಿನ ಕೆಳಗೆ ಅರ್ಧ ಇಂಚಿನ ಥರ್ಮೊಕೋಲ್ ಹಾಸಿದೆವು.

ಬೆಳಕಿಗೆ ಅಕ್ವೇರಿಯಂ ಅಂಗಡಿಯ ದೀಪದ ಬದಲು ಮನೆಗೆ ಹಾಕುವ ಎರಡಡಿಯ 10 ವ್ಯಾಟ್‌ನ ಬಿಳಿ ಎಲ್ಇಡಿ ಪಟ್ಟಿಗಳನ್ನು ಎರಡು ತಂದೆವು. ಅವುಗಳಿಗೆ 360 ರೂಪಾಯಿ. ತಾನೇ ಹೊತ್ತಿ ಆರುವ ಟೈಮರ್‌ಗೆ 350, ಏರ್ ಪಂಪ್‌ಗೆ 350, ಸ್ಪಾಂಜ್ ಫಿಲ್ಟರ್‌ಗೆ 200. ಅಮೋನಿಯ, ಪಿಎಚ್ (ನೀರು ಎಷ್ಟು ಆಮ್ಲೀಯ ಎಂಬುದರ ಅಳತೆ) ಮತ್ತು ಕಾರ್ಬೊನೇಟ್ ಗಡಸುತನವನ್ನು ಹನಿ ಹಾಕಿ ಅಳೆಯುವ ಕಿಟ್‌ಗಳಿಗೆ 1,200 ರೂಪಾಯಿ ಹೋಯಿತು. ತೊಟ್ಟಿಯ ನಂತರದ ದೊಡ್ಡ ಖರ್ಚು ಇದೇ. ಆರು ಸಾವಿರದಲ್ಲಿ ಐದನೇ ಒಂದು ಭಾಗವನ್ನು ಪುಟ್ಟ ಬಾಟಲಿಗಳಿಗೆ ಸುರಿಯುವುದು ಅಕ್ಕನಿಗೆ ಹುಚ್ಚಾಗಿ ಕಂಡಿತು. ಮುಂದೆ ಈ ಪ್ರಕರಣವನ್ನು ಬಿಡಿಸಲು ನೆರವಾದದ್ದು ಮುಖ್ಯವಾಗಿ ಆ ಬಾಟಲಿಗಳೇ.

ಹೀಟರ್ ಕೊಳ್ಳಲಿಲ್ಲ. ಜನವರಿಯ ಬೆಳಗ್ಗೆ ಆ ಕೋಣೆಯಲ್ಲಿ ಬಕೆಟ್ಟಿನ ನೀರು 18 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. 100 ವ್ಯಾಟ್‌ನ ಹೀಟರ್ ದಿನದಲ್ಲಿ ಅರ್ಧ ಹೊತ್ತು ಉರಿದರೂ ತಿಂಗಳಿಗೆ 36 ಯೂನಿಟ್ ಕರೆಂಟ್ ನುಂಗುತ್ತದೆ. ದೀಪ ಮತ್ತು ಪಂಪ್ ಎರಡೂ ಸೇರಿ ನುಂಗುವುದು ಸುಮಾರು 7 ಯೂನಿಟ್. ತೊಟ್ಟಿಯನ್ನು ಮೀನಿಗೆ ತಕ್ಕಂತೆ ಕಾಯಿಸುವುದಕ್ಕಿಂತ ಕೊಡಗಿನ ಚಳಿಗೆ ತಕ್ಕ ಮೀನನ್ನು ತರುವುದೇ ಅಗ್ಗ. ಇದು ಕಾಗದದ ಮೇಲೆ ಒಪ್ಪಿತವಾಗಿತ್ತು. ಹಾಗಿದ್ದೂ ಮೊದಲ ಸಲ ಅಂಗಡಿಗೆ ಹೋದ ಅಕ್ಕನ ಮಗಳು ಬಣ್ಣಕ್ಕೆ ಮರುಳಾಗಿ ಆರು ಗಪ್ಪಿ ಮೀನು ಹಿಡಿದುಕೊಂಡು ಬಂದಳು.

ಕ್ಲೋರಿನ್ ಕಳೆಯುವ ಮದ್ದೂ ಬೇಕಾಗಲಿಲ್ಲ. ಆ ಮನೆಗೆ ಬರುವುದು ಮೇಲಿನ ಬಾಣೆಯ (ತೋಟಕ್ಕೆ ಸೇರಿದ ಗುಡ್ಡದ ಜಮೀನಿನ) ಒರತೆಯಿಂದ ಪೈಪಿನಲ್ಲಿ ಇಳಿದುಬರುವ ನೀರು. ಕುಡಿಯಲು ಅದರಷ್ಟು ಸಿಹಿಯಾದ ನೀರು ಇನ್ನೊಂದಿಲ್ಲ. ಮೈಸೂರಿನಲ್ಲಿ ಎರಡು ಸಲ ಹಾಕಿದರೂ ನೊರೆ ಬಾರದ ಸೋಪು ಇಲ್ಲಿ ಒಮ್ಮೆ ಮುಟ್ಟಿದರೆ ನೊರೆಯಾಗುತ್ತದೆ. ಕೊಡಗಿನ ಬೆಟ್ಟಗಳ ಅಡಿಯಲ್ಲಿರುವುದು ಸುಣ್ಣಕಲ್ಲಲ್ಲ, ನೈಸ್ ಮತ್ತು ಗ್ರಾನೈಟ್ ಜಾತಿಯ ಗಡಸು ಕಲ್ಲು. ಅದರ ಸಂದುಗಳಲ್ಲಿ ಇಳಿದು ಬಂದ ಮಳೆನೀರಿನಲ್ಲಿ ಕ್ಯಾಲ್ಸಿಯಂ, ಕಾರ್ಬೊನೇಟ್ ಕರಗಿರುವುದು ಅತ್ಯಲ್ಪ. ಕಿಟ್‌ನಲ್ಲಿ ನೋಡಿದಾಗ ಕಾರ್ಬೊನೇಟ್ ಗಡಸುತನ 1 ಡಿಗ್ರಿ, ಪಿಎಚ್ 6.4 ಬಂತು. ಗಿಡಗಳಿಗೆ ಮೃದು ನೀರು ಒಳ್ಳೆಯದೆಂದು ನಾನು ಫೋನಿನಲ್ಲಿ ಹೇಳಿದೆ. ಮಾತು ಸುಳ್ಳಲ್ಲ, ಅರ್ಧ ಮಾತ್ರ.

ಮೊದಲ ಕಟ್ಟಣೆ, ಹನ್ನೆರಡು ದಿನಗಳು

ಗಿಡ ಬೆಳೆಸಲೆಂದು ಮಾರುವ ಹುರಿದ ಮಣ್ಣಿನ ಗುಳಿಗೆಗಳಿಗೆ ಈ ಅಳತೆಯ ತೊಟ್ಟಿಗೆ ಬೇಕಾದಷ್ಟಕ್ಕೆ ಎರಡು ಸಾವಿರವಾದರೂ ಕೊಡಬೇಕಿತ್ತು. ಅದಕ್ಕೆ ಬದಲಾಗಿ ತೋಟದ ಮಣ್ಣನ್ನೇ ಜರಡಿ ಹಿಡಿದು ಒಂದು ಇಂಚು ಹಾಸಿ, ಅದರ ಮೇಲೆ ತೊಳೆದ ಮರಳನ್ನು ಒಂದೂವರೆ ಇಂಚು ಮುಚ್ಚುವ ಹಳೆಯ ವಿಧಾನವಿದೆ. ಬೇರು ಮಣ್ಣಿನಿಂದ ಆಹಾರ ಎಳೆಯುತ್ತದೆ, ಮಣ್ಣಿನ ಸಾವಯವ ವಸ್ತು ಕೊಳೆಯುತ್ತ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಮರಳಿನ ಹೊದಿಕೆ ಮಣ್ಣು ಕದಡದಂತೆ ಹಿಡಿದಿಡುತ್ತದೆ. ಮೈಸೂರಿನಲ್ಲಿ ನಾನು ಮೂರು ತೊಟ್ಟಿಗಳನ್ನು ಹೀಗೆಯೇ ಕಟ್ಟಿದ್ದೆ. “ನಿಮ್ಮ ತೋಟದ ಕಪ್ಪು ಮಣ್ಣಿಗಿಂತ ಒಳ್ಳೆಯದು ಎಲ್ಲಿ ಸಿಗುತ್ತದೆ, ಅದನ್ನೇ ಹಾಕು” ಎಂದವನು ನಾನೇ. ಅವಳು ಮನೆಯ ಹಿಂದಿನ ಕರಿಮೆಣಸಿನ ಬಳ್ಳಿಗಳ ಬುಡದಿಂದ, ತರಗೆಲೆ ಕೊಳೆತು ಪುಡಿಪುಡಿಯಾಗಿದ್ದ ಮೇಲ್ಮಣ್ಣನ್ನು ಆರಿಸಿ ತಂದಳು. ಕಣ್ಣಿಗೆ ಅಷ್ಟು ಚೆಂದದ ಮಣ್ಣನ್ನು ನಾನೂ ಕಂಡಿರಲಿಲ್ಲ.

ಗಿಡಗಳಲ್ಲಿ ಜಾವಾ ಫರ್ನ್ ಮತ್ತು ಎರಡು ಬಗೆಯ ಕ್ರಿಪ್ಟೊಕೊರೈನ್‌ಗಳಿಗೆ 400 ರೂಪಾಯಿ ಕೊಟ್ಟದ್ದು ಬಿಟ್ಟರೆ ಉಳಿದವೆಲ್ಲ ತೋಟದ ಕೆರೆಯವು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ನೀರು ಕೂಡಿಟ್ಟ ಆ ಕೆರೆಯಲ್ಲಿ ಹೈಡ್ರಿಲ್ಲ ಬೇಕಾದಷ್ಟಿತ್ತು. ಗದ್ದೆಯ ಕಾಲುವೆಯಲ್ಲಿ ರೋಟಾಲ ಮತ್ತು ನೀರುಬ್ರಾಹ್ಮಿ ಸಿಕ್ಕವು. ಪಶ್ಚಿಮಘಟ್ಟದ ತೊರೆಗಳಲ್ಲಿ ಕ್ರಿಪ್ಟೊಕೊರೈನ್, ಲ್ಯಾಜೆನಾಂಡ್ರ ಜಾತಿಯ ಗಿಡಗಳು ತಾವಾಗಿಯೇ ಬೆಳೆಯುತ್ತವೆಂಬುದು ನಿಜ. ಆದರೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ವನ್ಯಜೀವಿ ಧಾಮಗಳ ಒಳಗಿನಿಂದ ಒಂದು ಎಲೆಯನ್ನೂ ಕೀಳುವಂತಿಲ್ಲ, ಧಾಮದ ಹೊರಗೂ ಕಾಡುತೊರೆಯನ್ನು ಬರಿದುಮಾಡಿ ತೊಟ್ಟಿ ತುಂಬುವುದು ನನಗೆ ಸರಿ ಕಾಣುವುದಿಲ್ಲ. ಸ್ವಂತ ಕೆರೆ ಇರುವವರಿಗೆ ಅದರ ಅಗತ್ಯವೂ ಇಲ್ಲ.

ಕೆರೆಯ ಗಿಡಗಳ ಜೊತೆಗೆ ಇಪ್ಪತ್ತರಷ್ಟು ಸಣ್ಣ ಬಸವನಹುಳುಗಳೂ ಬಂದವು. ಅವಳು ಅವುಗಳನ್ನು ತೆಗೆಯದೆ ಬಿಟ್ಟಳು. ನಾಲ್ಕನೆಯ ದಿನ ಫೋನ್ ಬಂತು. “ಮಾವ, ಬಸವನಹುಳುಗಳೆಲ್ಲ ನೀರು ಬಿಟ್ಟು ಗಾಜಿನ ಅಂಚಿಗೆ ಹತ್ತಿ ಕೂತಿವೆ.” ಹೊಸ ಮಣ್ಣು ಅಮೋನಿಯ ಬಿಡುವುದು ಸಹಜವೆಂದೂ, ಅರ್ಧ ನೀರು ಬದಲಿಸಬೇಕೆಂದೂ ಹೇಳಿದೆ. ಆರನೆಯ ದಿನ ಹುಳುಗಳು ಚಿಪ್ಪಿನ ಬಾಗಿಲು ಬಿಗಿದುಕೊಂಡು ಮರಳಿನ ಮೇಲೆ ಉದುರಿದ್ದವು. ಎಂಟನೆಯ ದಿನಕ್ಕೆ ಚಿಪ್ಪಷ್ಟೇ ಉಳಿದಿತ್ತು. ಒಂಬತ್ತನೆಯ ದಿನ, ನಾನು ಬೇಡವೆಂದರೂ, ಗಪ್ಪಿಗಳನ್ನು ಬಿಟ್ಟಳು. ಅವು ಮೇಲ್ಮೈಯಲ್ಲಿ ಏದುಸಿರು ಬಿಡುತ್ತ, ಮೈ ಉಜ್ಜುತ್ತ, ಹನ್ನೆರಡನೆಯ ದಿನದೊಳಗೆ ಆರೂ ಸತ್ತವು. ಗಿಡಗಳು ಮಾತ್ರ ಚೆನ್ನಾಗಿಯೇ ಇದ್ದವು.

ಅಮೋನಿಯ ಅಲ್ಲದಿದ್ದರೆ ಏನು

ಅಲ್ಲಿಯವರೆಗೆ ನಾನು ಹೇಳುತ್ತಿದ್ದ ಕಾರಣ ಅಮೋನಿಯ. ಅವಳು ಕಿಟ್‌ನ ಅಳತೆಗಳನ್ನು ದಿನವೂ ಬರೆದಿಟ್ಟಿದ್ದಳು; ಅತಿ ಹೆಚ್ಚೆಂದರೆ ಲೀಟರಿಗೆ 0.5 ಮಿಲಿಗ್ರಾಂ ಬಂದಿತ್ತು. ಈ ಸಂಖ್ಯೆಯನ್ನು ಒಂಟಿಯಾಗಿ ನೋಡಿದರೆ ಗಾಬರಿಯಾಗುತ್ತದೆ. ನೀರಿನಲ್ಲಿ ಅಮೋನಿಯ ಎರಡು ರೂಪಗಳಲ್ಲಿರುತ್ತದೆ: ಕಿವಿರನ್ನು ಸುಡುವ ಅಮೋನಿಯ ಒಂದು, ಬಹುಮಟ್ಟಿಗೆ ನಿರಪಾಯಕಾರಿಯಾದ ಅಮೋನಿಯಂ ಇನ್ನೊಂದು. ಕಿಟ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಯಾವುದು ಎಷ್ಟು ಎಂಬುದನ್ನು ನಿರ್ಧರಿಸುವುದು ಪಿಎಚ್ ಮತ್ತು ಉಷ್ಣತೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ, 6.4 ಪಿಎಚ್‌ನಲ್ಲಿ ವಿಷರೂಪದ ಪಾಲು ಸಾವಿರಕ್ಕೆ ಒಂದರಷ್ಟು ಮಾತ್ರ. ಮೈಸೂರಿನ ನನ್ನ 8ರ ಆಸುಪಾಸಿನ ಪಿಎಚ್‌ನಲ್ಲಿ ಅದೇ 0.5 ಅಪಾಯದ ಸಂಕೇತವಾಗುತ್ತಿತ್ತು. ಇಲ್ಲಿ ಆ ಅಳತೆಗೆ ಬಸವನಹುಳು ಸಾಯುವುದಿಲ್ಲ. ನನ್ನ ಊಹೆ ನನ್ನ ನೀರಿಗೆ ಸರಿಯಾಗಿತ್ತು, ಅವಳ ನೀರಿಗೆ ಅಲ್ಲ.

ಮುಂದಿನ ಹೆಜ್ಜೆ ಅವಳದೇ. ಗಾಜಿನ ಮೂರು ಭರಣಿಗಳಲ್ಲಿ ಎರಡೆರಡು ಲೀಟರ್ ಒರತೆಯ ನೀರು ತುಂಬಿಸಿ, ಮೊದಲನೆಯದಕ್ಕೆ ಏನೂ ಹಾಕದೆ, ಎರಡನೆಯದಕ್ಕೆ ಮೆಣಸಿನ ಬುಡದ ಎರಡು ಹಿಡಿ ಮಣ್ಣು, ಮೂರನೆಯದಕ್ಕೆ ಹಲವು ವರ್ಷಗಳಿಂದ ನಾಟಿಯಿಲ್ಲದೆ ಪಾಳು ಬಿದ್ದ ಗದ್ದೆಯ ಎರಡು ಹಿಡಿ ಮಣ್ಣು ಹಾಕಿದಳು. ದೇವರಕಾಡಿನ ಅಂಚಿನಿಂದಲೂ ಒಂದು ಹಿಡಿ ತರೋಣವೆಂದು ಅವಳು ಹೇಳಿದಾಗ ಅಜ್ಜಿ ಸಿಟ್ಟಾದರು. ಅಲ್ಲಿಂದ ಕಡ್ಡಿಯನ್ನೂ ತರುವ ರೂಢಿಯಿಲ್ಲ. ಪ್ರತಿ ಭರಣಿಗೆ ಕೆರೆಯ ನಾಲ್ಕು ಬಸವನಹುಳುಗಳು. ಎರಡನೆಯ ದಿನದ ಸಂಜೆಗೆ ಮೆಣಸಿನ ಮಣ್ಣಿನ ಭರಣಿಯಲ್ಲಿ ನಾಲ್ಕೂ ಅಂಚಿಗೆ ಹತ್ತಿದ್ದವು. ಐದನೆಯ ದಿನಕ್ಕೆ ಮೂರು ಸತ್ತಿದ್ದವು. ಉಳಿದೆರಡು ಭರಣಿಗಳಲ್ಲಿ ಎಂಟೂ ಹುಳುಗಳು ಗಾಜು ನೆಕ್ಕುತ್ತಿದ್ದವು.

ಊಟದ ಹೊತ್ತಿನಲ್ಲಿ ಈ ವರದಿ ಕೇಳಿದ ಭಾವ, ತಟ್ಟೆಯಿಂದ ತಲೆಯೆತ್ತದೆ, “ಆ ಬಳ್ಳಿಗಳಿಗೆ ವರ್ಷಕ್ಕೆ ಎರಡು ಸಲ ಬೋರ್ಡೋ ಹೊಡೆಯುತ್ತೇವಲ್ಲ” ಎಂದರು. ಕೊಡಗಿನ ತೋಟಗಾರರಿಗೆ ಇದು ಹೊಸ ಮಾತಲ್ಲ. ಕಾಫಿಯ ಎಲೆತುಕ್ಕಿಗೂ ಮೆಣಸಿನ ಸೊರಗು ರೋಗಕ್ಕೂ ಮಳೆಗೆ ಮುಂಚೆ ಮತ್ತು ಮಳೆಯ ನಂತರ ಬೋರ್ಡೋ ದ್ರಾವಣ ಸಿಂಪಡಿಸುವುದು ತಲೆಮಾರುಗಳ ಕ್ರಮ. ಮೆಣಸಿಗೆ ಬಳಸುವ ಶೇಕಡ 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ; ಹಾಗಾಗಿ ಒಂದು ಲೀಟರ್ ದ್ರಾವಣದಲ್ಲಿ 2.5 ಗ್ರಾಂ ತಾಮ್ರವಿರುತ್ತದೆ. ಬಳ್ಳಿಯಿಂದ ತೊಟ್ಟಿಕ್ಕಿದ್ದೆಲ್ಲ ಬುಡಕ್ಕೆ ಬೀಳುತ್ತದೆ, ಕೊಳೆತ ಎಲೆಯ ಮಣ್ಣು ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ, ಅದು ಮಳೆಗೆ ಕೊಚ್ಚಿ ಹೋಗದೆ ಮೇಲ್ಪದರದಲ್ಲೇ ವರ್ಷ ವರ್ಷವೂ ಕೂಡುತ್ತ ಹೋಗುತ್ತದೆ. ಅವಳು ಆರಿಸಿದ್ದು ಸರಿಯಾಗಿ ಆ ಮೇಲ್ಪದರವನ್ನೇ.

ಎಷ್ಟು ತಾಮ್ರ ಸಾಕು ಎಂಬ ಲೆಕ್ಕ ಇನ್ನೂ ಕಟು. ಮೃದುವಾದ, ಆಮ್ಲೀಯ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂನ ನೂರನೇ ಕೆಲವು ಭಾಗಗಳಷ್ಟು ತಾಮ್ರವಿದ್ದರೂ ಬಸವನಹುಳು ಮತ್ತು ಸಿಗಡಿಗಳಿಗೆ ಉಳಿಗಾಲವಿಲ್ಲ. 0.05 ಮಿಲಿಗ್ರಾಂ ಎಂದು ಹಿಡಿದರೆ 55 ಲೀಟರಿಗೆ ಮೂರು ಮಿಲಿಗ್ರಾಂಗಿಂತ ಕಡಿಮೆ ತಾಮ್ರ ಸಾಕು. ಒಂದೇ ಲೀಟರ್ ಬೋರ್ಡೋದಲ್ಲಿ ಅದರ ಎಂಟುನೂರು ಪಟ್ಟಿಗೂ ಹೆಚ್ಚು ಇರುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕಿವಿರಿನ ಮೇಲೆ ತಾಮ್ರಕ್ಕೆ ಎಡೆಕೊಡದೆ ಪೈಪೋಟಿ ನಡೆಸುತ್ತದೆ, ಕಾರ್ಬೊನೇಟ್ ತಾಮ್ರವನ್ನು ಕಟ್ಟಿಹಾಕುತ್ತದೆ. ಆ ಎರಡು ರಕ್ಷಣೆಯೂ ಒರತೆಯ ನೀರಿನಲ್ಲಿ ಇರಲಿಲ್ಲ. ಮೀನುಗಳು ಏದುಸಿರು ಬಿಟ್ಟದ್ದೂ ಇದಕ್ಕೆ ಹೊಂದುತ್ತದೆ.

ತಾಮ್ರ ಅಳೆಯುವ ಕಿಟ್ ನಮ್ಮಲ್ಲಿ ಇರಲಿಲ್ಲ. ಭರಣಿಗಳ ಪರೀಕ್ಷೆ ಸಾಬೀತು ಮಾಡಿದ್ದು ದೋಷ ಆ ಮಣ್ಣಿನಲ್ಲಿದೆ ಎಂಬುದನ್ನಷ್ಟೇ. ದೋಷದ ಹೆಸರು ತಾಮ್ರ ಎಂಬುದು ತೋಟದ ಸಿಂಪರಣೆಯ ಚರಿತ್ರೆಯಿಂದ, ಮೊದಲು ಹುಳು ನಂತರ ಮೀನು ಎಂಬ ಸಾವಿನ ಕ್ರಮದಿಂದ, ಗಿಡಗಳು ಉಳಿದುದರಿಂದ ನಾವು ಮಾಡಿದ ಅನುಮಾನ. ಆರು ಸಾವಿರದ ತೊಟ್ಟಿಗೆ ಅಷ್ಟು ಖಚಿತತೆ ಸಾಕೆಂದು ನನ್ನ ಅಭಿಪ್ರಾಯ.

ಎರಡನೆಯ ಕಟ್ಟಣೆ

ಮಣ್ಣು, ಮರಳು, ಸ್ಪಾಂಜ್ ಮೂರನ್ನೂ ಹೊರಹಾಕಿದೆವು. ಸ್ಪಾಂಜಿನ ತುಂಡು ಹೇಗೂ ಅಗ್ಗ, ನನ್ನಲ್ಲಿದ್ದುದನ್ನೇ ಕೊಟ್ಟೆ. ಗಾಜನ್ನು ಉಜ್ಜಿ, ಗಿಡಗಳನ್ನು ಎರಡು ದಿನ ಬಕೆಟ್ಟಿನಲ್ಲಿಟ್ಟು ನೀರು ಬದಲಿಸಿದೆವು. ಪಾಳು ಗದ್ದೆಯ ಜೇಡಿಯನ್ನು ಬಿಸಿಲಿನಲ್ಲಿ ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೀರಿನಲ್ಲಿ ನೆನೆಸಿ ಮೇಲೆ ತೇಲಿದ ಕಸ ಬಸಿದು, ಮತ್ತೆ ಒಣಗಿಸುವುದನ್ನು ಮೂರು ಸಲ ಮಾಡಲಾಯಿತು. ಫೆಬ್ರವರಿಯ ಬಿಸಿಲಿದ್ದುದರಿಂದ ಎರಡು ವಾರದಲ್ಲಿ ಮುಗಿಯಿತು. ಇದೇ ಕೆಲಸವನ್ನು ಜೂನ್ ನಂತರ ಹಿಡಿದಿದ್ದರೆ ಒಲೆಯ ಮೇಲಿನ ಅಟ್ಟವೇ ಗತಿಯಾಗುತ್ತಿತ್ತು. ಮರಳು ಅವರದೇ ತೋಡಿನದು. ಬಕೆಟ್ಟಿನ ನೀರು ತಿಳಿಯಾಗಲು ಹನ್ನೆರಡು ಸಲ ತೊಳೆಯಬೇಕಾಯಿತು. ಅಲಂಕಾರಕ್ಕೆ ಕಿತ್ತುಹಾಕಿದ್ದ ಹಳೆಯ ರೊಬಸ್ಟಾ ಗಿಡದ ಬೇರುಬುಡವೊಂದನ್ನು ಆರಿಸಿಕೊಂಡೆವು. ಅದರ ತೊಗಟೆಯಲ್ಲೂ ಬೋರ್ಡೋ ಕುಳಿತಿರುತ್ತದೆ ಎಂಬ ಬುದ್ಧಿ ಈ ವೇಳೆಗೆ ಬಂದಿದ್ದರಿಂದ ತೊಗಟೆ ಪೂರ್ತಿ ಕೆತ್ತಿ, ಬೇಯಿಸಿ, ಒಂದು ಭರಣಿಯಲ್ಲಿ ಬಸವನಹುಳುಗಳ ಜೊತೆ ವಾರವಿಟ್ಟು ನೋಡಿದ ಮೇಲೆಯೇ ತೊಟ್ಟಿಗೆ ಇಳಿಸಿದೆವು.

ಮೊದಲ ದಿನವೇ ತಳದ ಮುಕ್ಕಾಲು ಭಾಗ ಗಿಡ ತುಂಬಿಸಿದೆವು. ಮಿತವ್ಯಯದ ತೊಟ್ಟಿಯಲ್ಲಿ ಗಿಡವನ್ನು ಮಾತ್ರ ಮಿತವಾಗಿ ಹಾಕಬಾರದು. ವೇಗವಾಗಿ ಬೆಳೆಯುವ ಹೈಡ್ರಿಲ್ಲ ಅಮೋನಿಯವನ್ನು ನೇರವಾಗಿ ಹೀರಿಕೊಳ್ಳುತ್ತದೆ, ಪಾಚಿಗೆ ಊಟ ಉಳಿಸುವುದಿಲ್ಲ. ನಿಧಾನದ ಕ್ರಿಪ್ಟೊಕೊರೈನ್‌ಗಳು ಬೇರೂರಿದ ಮೇಲೆ ಹೈಡ್ರಿಲ್ಲವನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಬಹುದು. ಅಮೋನಿಯವನ್ನು ನೈಟ್ರೈಟ್ ಆಗಿಯೂ, ಅದನ್ನು ನೈಟ್ರೇಟ್ ಆಗಿಯೂ ಮಾಡುವ ಬ್ಯಾಕ್ಟೀರಿಯಾಗಳು ಸ್ಪಾಂಜಿನಲ್ಲಿ ನೆಲೆಯೂರಲು ಈ ಚಳಿಯಲ್ಲಿ ಆರು ವಾರ ಹಿಡಿಯಿತು. ಬೆಳಕು ಮೊದಲ ತಿಂಗಳು ಆರು ಗಂಟೆ, ನಂತರ ಎಂಟು. ಯೀಸ್ಟ್ ಮತ್ತು ಸಕ್ಕರೆಯ ಬಾಟಲಿಯಿಂದ ಇಂಗಾಲದ ಡೈಆಕ್ಸೈಡ್ ಬಿಡುವ ಯೋಚನೆಯನ್ನು ಕೈಬಿಟ್ಟೆವು: 18 ಡಿಗ್ರಿಯಲ್ಲಿ ಯೀಸ್ಟ್ ತೂಕಡಿಸುತ್ತದೆ, ಈ ಗಿಡಗಳಿಗೆ ಅದರ ಹಂಗೂ ಇಲ್ಲ.

ಮೀನಾಗಿ ಚಳಿ ತಡೆಯುವ, ನಮ್ಮ ಉಪಖಂಡದ್ದೇ ಆದ ಜೀಬ್ರಾ ಡೇನಿಯೊ ಹತ್ತು ತಂದೆವು, 150 ರೂಪಾಯಿಗೆ. ಅಜ್ಜಿ ಅವುಗಳನ್ನು ನೋಡಿ, ಇವು ಗದ್ದೆಯ ಕೊಯ್ಲೆ ಮೀನಿಗಿಂತ ಸಣ್ಣವು, ಹುರಿದರೆ ಒಂದು ತುತ್ತಿಗೂ ಬರುವುದಿಲ್ಲ ಎಂದು ತೀರ್ಪು ಕೊಟ್ಟರು. ಗಾಜು ಶುಚಿ ಮಾಡಲೆಂದು ಅಂಗಡಿಯವರು ಹೇಳಿದ ಸಕ್ಕರ್ ಮೀನನ್ನು ತರಲಿಲ್ಲ. ಅದು ಒಂದಡಿಗೂ ಮೀರಿ ಬೆಳೆಯುತ್ತದೆ, ಬೆಳೆದ ಮೇಲೆ ಜನ ಅದನ್ನು ಹೊಳೆಗೆ ಬಿಡುತ್ತಾರೆ. ಕಾವೇರಿಯ ತಲೆಯ ಬಳಿ ವಾಸವಾಗಿರುವ ಮನೆಯಿಂದ ಹಾಗಾಗುವುದು ಬೇಡವೆಂದುಕೊಂಡೆವು.

ಕಾರ್ಬೊನೇಟ್ ಇಲ್ಲದ ನೀರಿನ ಕಾಟ

ಮೇ ತಿಂಗಳಲ್ಲಿ ಎರಡನೆಯ ಸಮಸ್ಯೆ ತಲೆಯೆತ್ತಿತು. ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ. ಆ ಆಮ್ಲವನ್ನು ತಿಂದುಹಾಕುವುದು ನೀರಿನ ಕಾರ್ಬೊನೇಟ್. ಒಂದೇ ಡಿಗ್ರಿಯಿದ್ದ ಕಾರ್ಬೊನೇಟ್ ಮೂರು ತಿಂಗಳಲ್ಲಿ ಮುಗಿದು ಶೂನ್ಯವಾಗಿತ್ತು, ಪಿಎಚ್ 5.8ಕ್ಕೆ ಜಾರಿತ್ತು. ಆ ಆಮ್ಲೀಯತೆಯಲ್ಲಿ ಬ್ಯಾಕ್ಟೀರಿಯಾಗಳೂ ಮಂಕಾಗಿ, ಅಮೋನಿಯ 1 ಮಿಲಿಗ್ರಾಂಗೆ ಏರಿತ್ತು. ಅವಳ ಕೈ ಅಡುಗೆ ಸೋಡಾದ ಡಬ್ಬಿಯ ಮೇಲಿತ್ತು. ಲೆಕ್ಕ ಸರಿಯಾಗಿಯೇ ಹಾಕಿದ್ದಳು: ಲೀಟರಿಗೆ 30 ಮಿಲಿಗ್ರಾಂ ಸೋಡಾ ಒಂದು ಡಿಗ್ರಿ ಏರಿಸುತ್ತದೆ, 55 ಲೀಟರಿಗೆ ಸುಮಾರು 1.65 ಗ್ರಾಂ. ನಾನು ತಡೆದೆ. ಪಿಎಚ್ 5.8ರಲ್ಲಿ ಆ ಅಮೋನಿಯ ನಿರಪಾಯಕಾರಿ ಅಮೋನಿಯಂ ಆಗಿ ಮಲಗಿರುತ್ತದೆ. ಸೋಡಾ ಹಾಕಿ ಪಿಎಚ್ಚನ್ನು ಒಂದೇ ಸಂಜೆಯಲ್ಲಿ 7.5ಕ್ಕೆ ಎತ್ತಿದರೆ ಅದರ ವಿಷರೂಪದ ಪಾಲು ಐವತ್ತು ಪಟ್ಟು ಹೆಚ್ಚುತ್ತದೆ. ಔಷಧಿಯೇ ಮೀನನ್ನು ಕೊಲ್ಲುತ್ತದೆ. ಮೊದಲು ವಾರವಿಡೀ ದಿನಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿ ಅಮೋನಿಯವನ್ನು ಇಳಿಸಿದೆವು. ಆಮೇಲೆ ಮಂಗಳೂರಿನ ಕಡೆಯಿಂದ ಬಂದ ನೆಂಟರು ತಂದುಕೊಟ್ಟ ಕಪ್ಪೆಚಿಪ್ಪುಗಳನ್ನು ತೊಳೆದು ಜಜ್ಜಿ, ಸೊಳ್ಳೆಪರದೆಯ ಚೀಲದಲ್ಲಿ ಕಟ್ಟಿ ಗುಳ್ಳೆ ಬರುವ ಜಾಗದಲ್ಲಿ ಇಳಿಬಿಟ್ಟೆವು. ನೀರು ಆಮ್ಲವಾದಷ್ಟೂ ಚಿಪ್ಪು ಹೆಚ್ಚು ಕರಗುತ್ತದೆ, ಆಮ್ಲ ತಗ್ಗಿದರೆ ಕರಗುವುದು ತಾನಾಗಿಯೇ ನಿಧಾನಿಸುತ್ತದೆ. ಸೋಡಾಕ್ಕೆ ಇಲ್ಲದ ಈ ಗುಣವೇ ಚಿಪ್ಪಿನ ಹೆಚ್ಚುಗಾರಿಕೆ. ಜೂನ್ ಮಧ್ಯಕ್ಕೆ ಕಾರ್ಬೊನೇಟ್ 3 ಡಿಗ್ರಿಯಲ್ಲಿ, ಪಿಎಚ್ 6.8ರಲ್ಲಿ ನಿಂತಿತು. ಚಿಪ್ಪಿನ ಕ್ಯಾಲ್ಸಿಯಂನಿಂದ ತಿರುಚಿಕೊಳ್ಳುತ್ತಿದ್ದ ಚಿಗುರೆಲೆಗಳೂ ನೆಟ್ಟಗಾದವು, ಪೊರೆ ಕಳಚಲು ಕ್ಯಾಲ್ಸಿಯಂ ಬೇಡುವ ಸಿಗಡಿಗಳನ್ನು ತರುವ ಧೈರ್ಯವೂ ಬಂತು. ಹತ್ತು ಕೆಂಪು ಸಿಗಡಿಗಳಿಗೆ 250 ರೂಪಾಯಿ.

ಹಳೆಯ ಎಲೆಗಳು ಹಳದಿಯಾಗಿ ತೂತು ಬೀಳುತ್ತಿದ್ದುದು ಬೇರೆಯೇ ಕೊರತೆ, ಸಾರಜನಕ ಮತ್ತು ಪೊಟ್ಯಾಸಿಯಂನದು. ಮೀನು ಕಡಿಮೆ, ನೀರು ಬರಿದು, ಗಿಡ ಹೆಚ್ಚು, ಹಾಗಾಗದೆ ಇನ್ನೇನು. ಅಕ್ವೇರಿಯಂ ಗೊಬ್ಬರದ ಪುಟ್ಟ ಶೀಶೆಗೆ ಕೊಡುವ ಹಣದಲ್ಲಿ ಗೊಬ್ಬರದ ಅಂಗಡಿಯಲ್ಲಿ ಎಲೆಗೆ ಸಿಂಪಡಿಸುವ 13-0-45 ಒಂದು ಕಿಲೋ ಸಿಕ್ಕಿತು, 190 ರೂಪಾಯಿಗೆ. ಅದು ಪೊಟ್ಯಾಸಿಯಂ ನೈಟ್ರೇಟ್. ವಾರಕ್ಕೆ ಅರ್ಧ ಗ್ರಾಂ ಹಾಕಿದರೆ 55 ಲೀಟರಿನಲ್ಲಿ ಲೀಟರಿಗೆ ಐದೂವರೆ ಮಿಲಿಗ್ರಾಂ ನೈಟ್ರೇಟ್, ಮೂರೂವರೆ ಮಿಲಿಗ್ರಾಂ ಪೊಟ್ಯಾಸಿಯಂ ಸೇರುತ್ತದೆ. ಆ ಒಂದು ಕಿಲೋ ಅವಳ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಪಕ್ಕದ ತೋಟದವರು ಪ್ರೀತಿಯಿಂದ ಕೊಟ್ಟ 19-19-19ರ ಪೊಟ್ಟಣವನ್ನು ಮಾತ್ರ ಹಿಂದಿರುಗಿಸಿದೆವು, ಅದರಲ್ಲಿ ಯೂರಿಯ ಮತ್ತು ಅಮೋನಿಯಂ ರೂಪದ ಸಾರಜನಕ ಇರುತ್ತದೆ. ಸೂಕ್ಷ್ಮ ಪೋಷಕಾಂಶಗಳ ಮಿಶ್ರಣಕ್ಕೆ 120 ರೂಪಾಯಿ ಆಯಿತು. ಅದರಲ್ಲೂ ಚೂರು ತಾಮ್ರವಿರುವುದರಿಂದ ಚಿಟಿಕೆಯ ಕಾಲು ಭಾಗಕ್ಕಿಂತ ಹೆಚ್ಚು ಹಾಕಕೂಡದೆಂದು ಡಬ್ಬಿಯ ಮೇಲೆ ಬರೆದಿಟ್ಟಳು.

ಕಕ್ಕಡದ ಮಳೆಯಲ್ಲಿ

ಜುಲೈ ಕೊನೆಗೆ, ಕೊಡವರ ಮಳೆಯ ತಿಂಗಳಾದ ಕಕ್ಕಡ ಹಿಡಿದ ಎರಡನೆಯ ವಾರದಲ್ಲಿ, ಮರ ಬಿದ್ದು ತಂತಿ ಹರಿದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಇದು ನಿರೀಕ್ಷಿತವೇ ಆಗಿದ್ದುದರಿಂದ 700 ರೂಪಾಯಿಯ, ಚಾರ್ಜ್ ಮಾಡುವ ಏರ್ ಪಂಪ್ ಒಂದನ್ನು ಮೇ ತಿಂಗಳಲ್ಲೇ ತಂದಿಟ್ಟಿದ್ದಳು. ಅದರ ಬ್ಯಾಟರಿ ಆರು ಗಂಟೆಗಿಂತ ಹೆಚ್ಚು ಬಾಳುವುದಿಲ್ಲ. ಹಗಲಿನಲ್ಲಿ ಗಿಡಗಳು ಮಬ್ಬು ಬೆಳಕಿನಲ್ಲೂ ಸ್ವಲ್ಪ ಆಮ್ಲಜನಕ ಕೊಡುತ್ತವೆ. ರಾತ್ರಿ ಅವೂ ಮೀನಿನಂತೆ ಆಮ್ಲಜನಕ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ಅತ್ಯಂತ ಕಡಿಮೆಯಾಗಿರುತ್ತದೆ. ಅದಕ್ಕಾಗಿ ಪಂಪನ್ನು ಬೆಳಗ್ಗೆ ಮೂರರಿಂದ ಆರರವರೆಗೆ ಮಾತ್ರ ಓಡಿಸಿದಳು, ಜೀಪಿನ ಬ್ಯಾಟರಿಯಿಂದ ಒಮ್ಮೆ ಚಾರ್ಜ್ ಮಾಡಿಕೊಂಡಳು. ಆಹಾರ ಪೂರ್ತಿ ನಿಲ್ಲಿಸಿದಳು. ತಿನ್ನದ ಮೀನು ಅಮೋನಿಯವನ್ನೂ ಕಡಿಮೆ ಬಿಡುತ್ತದೆ, ನೀರು 20 ಡಿಗ್ರಿಯಲ್ಲಿದ್ದುದರಿಂದ ಅವುಗಳಿಗೆ ಹಸಿವೂ ಕಡಿಮೆ. ಒರತೆಯ ನೀರು ಕೆಂಪಗೆ ಕದಡಿದ್ದರಿಂದ ಮೂರು ವಾರ ನೀರು ಬದಲಿಸಲಿಲ್ಲ. ರೋಟಾಲ ಕೆಳಗಿನ ಎಲೆ ಉದುರಿಸಿತು. ಮೀನು ಒಂದೂ ಸಾಯಲಿಲ್ಲ. ಮುಚ್ಚಿದ ಡಬ್ಬಿಯೊಳಗೆ ನೀರು ತಿರುಗಿಸುವ ದುಬಾರಿ ಫಿಲ್ಟರ್ ಇದ್ದಿದ್ದರೆ ಅದರೊಳಗಿನ ನೀರು ನಾಲ್ಕು ದಿನದಲ್ಲಿ ಕೊಳೆತು, ಕರೆಂಟ್ ಬಂದ ಕ್ಷಣ ತೊಟ್ಟಿಗೆ ಸುರಿಯುತ್ತಿತ್ತು. ತೊಟ್ಟಿಯಲ್ಲೇ ತೆರೆದು ನಿಂತ 200 ರೂಪಾಯಿಯ ಸ್ಪಾಂಜಿಗೆ ಆ ಭಯವಿಲ್ಲ.

ಒಂದು ಸಣ್ಣ ಎಡವಟ್ಟು ಮಾತ್ರ ಆಯಿತು. ಚಕ್ರ ತಿರುಗಿಸುವ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕರೆಂಟ್ ಬಂದ ಮೇಲೆ ಅದು ನಿಂತಲ್ಲಿಂದ ಮುಂದುವರಿದು, ಒಂದು ವಾರ ರಾತ್ರಿ ಎರಡು ಗಂಟೆಗೆ ದೀಪ ಹೊತ್ತಿಸುತ್ತಿತ್ತು. ಹಗಲಲ್ಲಿ ಕಿಟಕಿಯ ಬೆಳಕೂ ಸೇರಿ ಗಾಜಿನ ತುಂಬ ಹಸಿರು ಪಾಚಿ. ಯಾರೋ ಹಾಲ್‌ನಲ್ಲಿ ಓಡಾಡುತ್ತಿದ್ದಾರೆಂದು ಅಜ್ಜಿ ಹೆದರಿದ ಮೇಲೆಯೇ ಇದು ಗೊತ್ತಾದದ್ದು.

2025ರ ಜೂನ್‌ಗೆ ಲೆಕ್ಕ ಹಾಕಿದಾಗ, ಸತ್ತ ಗಪ್ಪಿಗಳ 120 ರೂಪಾಯಿಯೂ ಸೇರಿ ಒಟ್ಟು ಖರ್ಚು 6,190. ಡೇನಿಯೊಗಳು ಒಂಬತ್ತಿದ್ದವು, ಸಿಗಡಿಗಳನ್ನು ಎಣಿಸುವುದನ್ನು ಬಿಟ್ಟಿದ್ದಳು. ಮೆಣಸಿನ ಮಣ್ಣಿನ ಆ ಎರಡನೆಯ ಭರಣಿಯನ್ನು ಅವಳು ಎಸೆದಿರಲಿಲ್ಲ. ತಿಂಗಳಿಗೊಮ್ಮೆ ನೀರು ಬದಲಿಸುತ್ತ ಕಿಟಕಿಯ ಬಳಿ ಇಟ್ಟುಕೊಂಡಿದ್ದಳು. ಹದಿನಾರು ತಿಂಗಳ ನಂತರ ತೊಟ್ಟಿಯಿಂದ ಎರಡು ಬಸವನಹುಳು ತೆಗೆದು ಅದರಲ್ಲಿ ಬಿಟ್ಟಳು. ಮೂರನೆಯ ದಿನ ಎರಡೂ ಅಂಚಿಗೆ ಹತ್ತಿ ಕೂತಿದ್ದವು. ಅವುಗಳನ್ನು ತೊಟ್ಟಿಗೆ ಮರಳಿಸಿ, ಆ ಮಣ್ಣನ್ನು ಅದು ಬಂದ ಬಳ್ಳಿಯ ಬುಡಕ್ಕೇ ಸುರಿದು ಬಂದಳು.